ಕಂಬಳಿ ಎಲ್ಲಿಡೋದು?

ನಿನ್ನೆ ರಾತ್ರಿ ಹನ್ನೊಂದೂವರೆಗೆ ನಾವು ನಾಲ್ಕು ಜನ ಎರಡು ಬೈಕಲ್ಲಿ ಹಾಸನ ರೈಲ್ವೆ ಸ್ಟೇಷನ್ ಕಡೆ, ಬಸ್ ಸ್ಟ್ಯಾಂಡ್ ಕಡೆ ಕಂಬಳಿ ಹಂಚೋಕೆ ಹೋಗಿದ್ವಿ, ಡಿಸೆಂಬರ್ ಚಳಿ ಗೊತ್ತಲ್ಲ ನಮ್ಮೂರಲ್ಲಿ, ಜಾಕೆಟ್ ಹಾಕಿದ್ರೂ ಬೆರಳು ಮರಗಟ್ತಿತ್ತು. ಒಂದು ಅಂಗಡಿ ಶಟರ್ ಮುಂದೆ ಒಬ್ಬ ಅಜ್ಜ, ಚಪ್ಪಲಿ ಎರಡನ್ನೂ ಕವರಲ್ಲಿ ಸುತ್ತಿ ತಲೆದಿಂಬು ಮಾಡ್ಕೊಂಡು ಮಲಗಿದ್ರು, ಕಾಲ ಹತ್ರ ಒಂದು ಕಂದು ನಾಯಿ. ಕಂಬಳಿ ಕೊಟ್ರೆ "ಹೋದ್ ವಾರಾನೂ ಯಾರೋ ಕೊಟ್ಟಿದ್ರು ಕಣಪ್ಪಾ, ಬೆಳಗ್ಗೆ ಎಲ್ಲಿಡ್ಲಿ ಅದನ್ನ, ಟೀ ಕುಡ್ದು ಬರೋಷ್ಟ್ರಲ್ಲಿ ಮಾಯ" ಅಂದ್ರು. ನಮ್ ತಲೆಗೇ ಹೊಳೆದಿರ್ಲಿಲ್ಲ ಇದು. ಫೋಟೋಗೆ ಅಂತ ಮೊಬೈಲ್ ತೆಗೆದವನು ಸುಮ್ನೆ ಜೇಬಿಗೆ ಹಾಕ್ಕೊಂಡ (ಆ ಮಹಾನುಭಾವ ನಾನೇ).

ಲಕ್ಷ ಜನ ಇರೋ ಊರಿಗೆ ಮನೆ ಇಲ್ಲದವರು ರಾತ್ರಿ ಮಲಗೋಕೆ ಒಂದಾದ್ರೂ ವಸತಿ ಕೇಂದ್ರ ಇರ್ಬೇಕು, ವರ್ಷಪೂರ್ತಿ ತೆಗ್ದಿರ್ಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ, ಹಾಸಿಗೆ, ಹೊದಿಕೆ, ನೀರು, ಶೌಚಾಲಯ ಎಲ್ಲಾ ರೂಲ್ಸಲ್ಲಿದೆ. ಅಜ್ಜಂಗೆ ಅದನ್ನೂ ಹೇಳಿ ನೋಡ್ದೆ, ಬನ್ನಿ ಗಾಡೀಲೇ ಬಿಡ್ತೀವಿ ಅಂತ. "ಇದನ್ನ ಒಳಗೆ ಬಿಡ್ತಾರಾ?" ಅಂತ ನಾಯಿ ಬೆನ್ನು ಸವರಿದ್ರು. ಅದಕ್ಕೆ ರೂಲ್ಸಲ್ಲಿ ಏನಿದ್ಯೋ, ನಾವು ಮುಖ ಮುಖ ನೋಡ್ಕೊಂಡ್ವಿ.

ಊಟಕ್ಕೆ ತೊಂದ್ರೆ ಇಲ್ವಂತೆ, ಇಂದಿರಾ ಕ್ಯಾಂಟೀನಲ್ಲಿ ಹತ್ತು ರೂಪಾಯಿ, ಹತ್ತು ಹುಟ್ಟದ ದಿನ ಕಷ್ಟ ಅಷ್ಟೆ.

ಮುಂದಿನ ವಾರ ಕಂಬಳಿ ಕಮ್ಮಿ ಮಾಡಿ ಜಿಪ್ ಇರೋ ಹಳೇ ಬ್ಯಾಗ್, ಸಣ್ಣ ಬೀಗ ತಗೊಂಡೋಗೋಣ ಅಂತಿದೀವಿ. ಮನೇಲಿ ಮಕ್ಕಳ ಹಳೇ ಸ್ಕೂಲ್ ಬ್ಯಾಗ್ ಇದ್ರೆ ಕಾಮೆಂಟಲ್ಲಿ ಹೇಳಿ, ನಾನೇ ಬಂದು ಇಸ್ಕೋತೀನಿ, ಜಿಪ್ ಮಾತ್ರ ಕಿತ್ತೋಗಿರ್ಬಾರ್ದು.