ಏಳು ಒಳಗೆ, ಆರು ಹೊರಗೆ

14 ಮಾರ್ಚ್ 2024, ಗುರುವಾರ

ಎಡಗಾಲು ಎರಡು ದಿಂಬಿನ ಮೇಲಿದೆ. ಮಂಚದ ಪಕ್ಕದ ಸ್ಟೂಲಿನ ಮೇಲೊಂದು ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಹತ್ತೊಂಬತ್ತು ತಿಂಗಳು ನನ್ನೊಳಗಿದ್ದ ಕಬ್ಬಿಣ. ಕಬ್ಬಿಣ ಎಂದರೆ ಡಾಕ್ಟರಿಗೆ ಹಿಡಿಸುವುದಿಲ್ಲ, ಇಂಪ್ಲಾಂಟ್ ಎನ್ನಬೇಕು. ನೋಡಲು ಬಂದವರೆಲ್ಲ ‘ಕಾಲಿಗೆ ರಾಡು ಹಾಕಿದ್ದಾರಂತೆ’ ಎನ್ನುತ್ತಿದ್ದರು. ರಾಡಲ್ಲ, ಪ್ಲೇಟು ಎಂದು ತಿದ್ದಿ ತಿದ್ದಿ ನನಗೇ ಸಾಕಾಗಿತ್ತು. ರಾಡು ಮೂಳೆಯ ಟೊಳ್ಳಿನೊಳಗೆ ಇಳಿಯುತ್ತದೆ, ಪ್ಲೇಟು ಮೂಳೆಯ ಮೈಮೇಲೆ ಕೂರುತ್ತದೆ. ಇಪ್ಪತ್ತಾರು ವರ್ಷ ಫಿಟ್ಟರ್ ಕೆಲಸ ಮಾಡಿದವನು ಇಷ್ಟನ್ನಾದರೂ ತಿದ್ದದೆ ಬಿಡುವುದು ಹೇಗೆ?

ನಿನ್ನೆ ಮನೆಗೆ ಬಂದ ಕೂಡಲೇ ಮಗಳಿಂದ ವರ್ನಿಯರ್ ತರಿಸಿಕೊಂಡೆ. ‘ಅಪ್ಪಾ, ಮೊದಲು ಮಾತ್ರೆ ತೆಗೆದುಕೊಳ್ಳಿ’ ಎಂದಳು. ಮೊದಲು ಅಳತೆ ತೆಗೆದುಕೊಂಡೆ.

ಪ್ಲೇಟಿನ ದಪ್ಪ 1 ಮಿಲಿಮೀಟರ್. ಅಷ್ಟೇ. ಅಡ್ಡಕ್ಕೆ ಹಿಡಿದು ನೋಡಿದರೆ ಚಪ್ಪಟೆಯಲ್ಲ. ಕೊಳವೆಯೊಂದನ್ನು ಉದ್ದಕ್ಕೆ ಮೂರಾಗಿ ಸೀಳಿ ಒಂದು ಸೀಳನ್ನು ಎತ್ತಿಕೊಂಡ ಹಾಗೆ ಬಾಗಿದೆ. ಇದರ ಹೆಸರೂ ಅದೇ ಅರ್ಥದ್ದು, ಒನ್ ಥರ್ಡ್ ಟ್ಯುಬುಲರ್ ಪ್ಲೇಟ್. ಏಳು ತೂತು, ಆರಕ್ಕೆ ಸ್ಕ್ರೂ. ಮೂಳೆ ಮುರಿದಿದ್ದ ಜಾಗದ ಮೇಲೆ ಬಂದ ತೂತನ್ನು ಖಾಲಿ ಬಿಟ್ಟಿದ್ದಾರೆ. ಕೆಳತುದಿಯಲ್ಲಿ ಇಕ್ಕಳ ಕಚ್ಚಿದ ಎರಡು ಸಣ್ಣ ಗುರುತುಗಳಿವೆ. ನನ್ನ ಹರಡಿನ ಉಬ್ಬಿಗೆ ಸರಿಯಾಗಿ ಕೂರಲೆಂದು ಆವತ್ತು ಆಪರೇಷನ್ ಟೇಬಲ್ಲಿನ ಪಕ್ಕದಲ್ಲೇ ಅದನ್ನು ಬಗ್ಗಿಸಿದ ಕೈಯ ಗುರುತು. ಕಾರ್ಖಾನೆಯಿಂದ ಬಂದ ಹೊಳಪಿನ ನಡುವೆ ಆ ಎರಡು ಗೀರುಗಳನ್ನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ.

ಸ್ಕ್ರೂಗಳಲ್ಲಿ ಎರಡು ಜಾತಿ. ಮೇಲಿನ ನಾಲ್ಕು 3.5 ಮಿ.ಮೀ. ವ್ಯಾಸದವು, ಥ್ರೆಡ್ ಒತ್ತೊತ್ತಾಗಿದೆ, ಪಿಚ್ (ಥ್ರೆಡ್ಡಿನ ಒಂದು ಸುತ್ತಿಗೂ ಮುಂದಿನದಕ್ಕೂ ನಡುವಿನ ದೂರ) 1.25. ಕೆಳಗಿನ ಎರಡು 4 ಮಿ.ಮೀ., ಥ್ರೆಡ್ ಅಗಲ, ಆಳ, ಪಿಚ್ 1.75. ಮೂಳೆಯ ನಡುಭಾಗದ ಗೋಡೆ ಗಟ್ಟಿ; ಅಲ್ಲಿ ಸಣ್ಣ ಥ್ರೆಡ್ ಸಾಕು. ತುದಿಯ ಭಾಗ ಒಳಗೆ ಸ್ಪಂಜಿನಂತೆ. ಅಲ್ಲಿ ಹೆಚ್ಚು ಜಾಗ ಹಿಡಿಯುವ ಥ್ರೆಡ್ ಬೇಕು. ಉಕ್ಕಿಗೊಂದು, ಮರಕ್ಕೊಂದು ಸ್ಕ್ರೂ ಎಂದು ನಾವು ಬೇರೆ ಮಾಡುವ ಹಾಗೆಯೇ. ಭೂತಗನ್ನಡಿ ಹಿಡಿದರೆ ಇನ್ನೊಂದು ಕಾಣುತ್ತದೆ: ಥ್ರೆಡ್ಡಿನ ಒಂದು ಬದಿ ನೆಟ್ಟಗಿದೆ, ಇನ್ನೊಂದು ಬದಿ ಇಳಿಜಾರು. ನಮ್ಮ ಮೆಟ್ರಿಕ್ ಸ್ಕ್ರೂಗಳಲ್ಲಿ ಎರಡೂ ಬದಿ ಒಂದೇ ಓರೆ. ಇದು ಒಂದೇ ದಿಕ್ಕಿನ ಎಳೆತವನ್ನು ತಾಳಲು ಮಾಡಿದ್ದು. ಯಾರೋ ಕುಳಿತು ಯೋಚಿಸಿದ್ದಾರೆ.

ಮೇಲಿನ ನಾಲ್ಕರ ಉದ್ದ 12, 12, 14, 14. ಸ್ಕ್ರೂ ಮೂಳೆಯ ಎರಡೂ ಗೋಡೆ ದಾಟಿ ತುದಿ ತುಸುವೇ ಆಚೆ ಇಣುಕಬೇಕೆಂಬುದು ಲೆಕ್ಕ, ತೂತಿನ ಆಳ ಅಳೆಯಲು ಅವರ ಬಳಿಯೂ ಡೆಪ್ತ್ ಗೇಜ್ ಇದೆ. ಅಂದರೆ ಈ ಡಬ್ಬಿಯಲ್ಲಿರುವುದು ಒಂದು ರೀತಿಯಲ್ಲಿ ನನ್ನ ಮೂಳೆಯ ದಪ್ಪದ ದಾಖಲೆ. ಹೆಬ್ಬೆರಳಿಗಿಂತ ಸಣ್ಣ ಮೂಳೆ. ಇಷ್ಟು ದಿನ ಅದರ ಮೇಲೆ ಭಾರ ಹಾಕಿಕೊಂಡು ಓಡಾಡಿದ್ದೇನೆಂದು ಯೋಚಿಸಿದರೆ ಮೈ ಜುಮ್ಮೆನ್ನುತ್ತದೆ. (ಹೆಚ್ಚಿನ ಭಾರವೆಲ್ಲ ಪಕ್ಕದ ದಪ್ಪ ಮೂಳೆಯ ಪಾಲಿಗೆ. ಆದರೂ.)

ಮುರಿದದ್ದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. 2022ರ ಆಗಸ್ಟ್‌ನಲ್ಲಿ ಕೊನೆಯ ಮೆಟ್ಟಿಲು ಇದೆಯೆಂದುಕೊಂಡು ಇಲ್ಲದ ಮೆಟ್ಟಿಲಿನ ಮೇಲೆ ಕಾಲಿಟ್ಟೆ. ಪಾದ ಒಳಕ್ಕೆ ಹೊರಳಿತು, ದೇಹ ಆ ಕಡೆ ತಿರುಗಿತು. ಫಿಬ್ಯುಲಾ, ಅಂದರೆ ಮೊಣಕಾಲಿನ ಕೆಳಗಿನ ಎರಡು ಮೂಳೆಗಳಲ್ಲಿ ಹೊರಬದಿಯ ತೆಳುವಾದದ್ದು, ಹರಡಿನ ಹತ್ತಿರ ಓರೆಯಾಗಿ, ಸುರುಳಿಯಂತೆ ಸೀಳಿತ್ತು. ಒದ್ದೆ ಬಟ್ಟೆ ಹಿಂಡಿದಾಗ ಬೀಳುವ ಮಡಿಕೆಯ ಓರೆ.

ಆ ಓರೆ ಸೀಳಿಗೆ ಅವರು ಮೊದಲು ಹಾಕಿದ್ದು ಪ್ಲೇಟನ್ನಲ್ಲ, ಒಂಟಿ ಸ್ಕ್ರೂವನ್ನು. ಸೀಳಿಗೆ ಅಡ್ಡವಾಗಿ, ಮುಂದಿನಿಂದ ಹಿಂದಕ್ಕೆ. ಹತ್ತಿರದ ತುಂಡಿನಲ್ಲಿ 3.5 ಮಿ.ಮೀ. ತೂತು, ಆಚೆಯ ತುಂಡಿನಲ್ಲಿ 2.5. ಹತ್ತಿರದ ತೂತು ದೊಡ್ಡದಾದ್ದರಿಂದ ಅಲ್ಲಿ ಥ್ರೆಡ್ ಕಚ್ಚುವುದಿಲ್ಲ, ಸ್ಕ್ರೂ ಜಾರಿಹೋಗುತ್ತದೆ. ಆಚೆಯದರಲ್ಲಿ ಮಾತ್ರ ಕಚ್ಚುತ್ತದೆ. ತಿರುಗಿಸುತ್ತಾ ಹೋದರೆ ತಲೆ ಈಚೆಯ ತುಂಡನ್ನು ಒತ್ತುತ್ತದೆ, ಥ್ರೆಡ್ ಆಚೆಯದನ್ನು ಎಳೆಯುತ್ತದೆ, ನಡುವಿನ ಸೀಳು ಮುಚ್ಚುತ್ತದೆ. ಎರಡು ಹಲಗೆ ಬಿಗಿಯುವ ಯಾವ ಬಡಗಿಗೂ ಇದು ಗೊತ್ತು. ಇದಕ್ಕೆ ಅವರು ಲ್ಯಾಗ್ ಸ್ಕ್ರೂ ಎನ್ನುತ್ತಾರೆ. ಬಿಗಿಯುವುದೆಲ್ಲ ಅದರದೇ ಕೆಲಸ. ಪ್ಲೇಟು ಆಮೇಲೆ ಬಂದು ಪಕ್ಕದಲ್ಲಿ ನಿಂತದ್ದು, ತಿರುಚು ಬಾಗು ಆ ಒಂಟಿ ಸ್ಕ್ರೂವಿನ ಮೇಲೆ ಬೀಳದಿರಲಿ ಎಂದು.

ಅದನ್ನು ಡಾಕ್ಟರು ಎಕ್ಸ್‌ರೇಯಲ್ಲಿ ತೋರಿಸಿದ ದಿನ ನಾನು ಜಗಳಕ್ಕೇ ನಿಂತೆ. ಜಗಳವೆಂದರೆ ವಿನಯದಿಂದಲೇ.

‘ಸರ್, ಇಷ್ಟು ತೆಳು ಪ್ಲೇಟು ಏಕೆ? ಮೂರು ಮಿಲಿಮೀಟರ್ ಹಾಕಿದ್ದರೆ ಯೋಚನೆಯೇ ಇರಲಿಲ್ಲವಲ್ಲ.’

‘ನೀವು ಜೋಡಿಸಿದ್ದು ಎಷ್ಟು ದಿನ ಬಾಳಬೇಕು?’ ಎಂದರು.

‘ಯಂತ್ರ ಇರುವವರೆಗೆ.’

‘ನಾನು ಜೋಡಿಸಿದ್ದು ಕೆಲವು ತಿಂಗಳು ಬಾಳಿದರೆ ಸಾಕು. ಅಷ್ಟರಲ್ಲಿ ಮೂಳೆ ಕೂಡಿಕೊಂಡಿರಬೇಕು. ಕೂಡದಿದ್ದರೆ ಮೂರಲ್ಲ, ಆರು ಮಿಲಿಮೀಟರ್ ಹಾಕಿದರೂ ಒಂದು ದಿನ ಪ್ಲೇಟು ಮುರಿಯುತ್ತದೆ, ಇಲ್ಲವೇ ಸ್ಕ್ರೂ ಸಡಿಲವಾಗುತ್ತದೆ.’

ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಬಗ್ಗಿಸಿ ಮುರಿಯುವುದನ್ನು ಅಪ್ರೆಂಟಿಸ್ ಹುಡುಗರಿಗೆ ತೋರಿಸುವವನು ನಾನೇ. ಲೋಹ ದಣಿಯುತ್ತದೆ. ಪ್ರತಿ ಹೆಜ್ಜೆಗೂ ಒಂದು ಬಾಗು. ಅದನ್ನು ಹಂಚಿಕೊಳ್ಳಲು ಮೂಳೆ ಬಾರದಿದ್ದರೆ ಲೋಹ ಒಬ್ಬಂಟಿಯಾಗಿ ಲೆಕ್ಕ ತುಂಬುತ್ತಾ ಹೋಗುತ್ತದೆ. ಆದರೂ ದಪ್ಪದ ಆಸೆ ಹೋಗಲಿಲ್ಲ. ಆಗ ಅವರು ಕೊಟ್ಟ ಇನ್ನೊಂದು ಕಾರಣ ನನ್ನ ಬಾಯಿ ಮುಚ್ಚಿಸಿತು: ಮೂಳೆ ಸೋಮಾರಿ. ಭಾರ ಬಿದ್ದಲ್ಲಿ ಗಟ್ಟಿಯಾಗುತ್ತದೆ, ಬೀಳದಲ್ಲಿ ಸವೆಯುತ್ತದೆ. ಜರ್ಮನಿಯ ಜೂಲಿಯಸ್ ವೋಲ್ಫ್ 1892ರಲ್ಲೇ ಇದನ್ನು ಬರೆದಿಟ್ಟರು. ಉಕ್ಕಿನ ಬಿಗುಪು, ಅಂದರೆ ಬಾಗದೆ ನಿಲ್ಲುವ ಗುಣ, ಸುಮಾರು 190 ಗಿಗಾಪಾಸ್ಕಲ್, ಟೈಟಾನಿಯಂದು 110ರ ಹತ್ತಿರ, ಗಟ್ಟಿ ಮೂಳೆಯದು 20ಕ್ಕೂ ಕಡಿಮೆ. ಅಂಥ ಉಕ್ಕನ್ನು ದಪ್ಪಗೆ ಪಕ್ಕದಲ್ಲಿ ನಿಲ್ಲಿಸಿದರೆ ಭಾರವೆಲ್ಲ ಅದೇ ಹೊತ್ತುಕೊಂಡು, ಕೆಳಗಿನ ಮೂಳೆ ಕೆಲಸವಿಲ್ಲದೆ ಸೊರಗುತ್ತದೆ. ಗಟ್ಟಿಯಿದ್ದಷ್ಟೂ ಒಳ್ಳೆಯದು ಎಂಬ ನನ್ನ ಜೀವಮಾನದ ನಂಬಿಕೆಗೆ ಇಲ್ಲಿ ಬೆಲೆಯಿಲ್ಲ.

ಪುಡಿಪುಡಿಯಾಗಿ ಮುರಿದಿದ್ದರೆ ಲೆಕ್ಕವೇ ಬೇರೆಯಂತೆ. ಆಗ ಚೂರುಗಳನ್ನು ಒಂದೊಂದಾಗಿ ಬಿಗಿಯಲು ಹೋಗುವುದಿಲ್ಲ. ಉದ್ದದ ಪ್ಲೇಟನ್ನೋ ರಾಡನ್ನೋ ಸೇತುವೆಯ ಹಾಗೆ ಆಚೆ ಈಚೆ ಹಿಡಿಸಿ, ನಡುವೆ ತುಸು ಅಲುಗಾಟಕ್ಕೆ ಬಿಡುತ್ತಾರೆ. ಆ ಸಣ್ಣ ಅಲುಗಾಟವೇ ಸೀಳಿನ ಸುತ್ತ ಹೊಸ ಮೂಳೆಯ ಗಂಟು ಕಟ್ಟಲು ಮೂಳೆಯನ್ನು ಎಬ್ಬಿಸುತ್ತದೆ. ಹೆಚ್ಚಾದರೆ ಮಾತ್ರ ಕೆಟ್ಟಿತು. ಸ್ವಿಟ್ಜರ್ಲೆಂಡಿನ ಸ್ಟೀಫನ್ ಪೆರೆನ್ ಇದಕ್ಕೆ ಅಂಕಿ ಕೊಟ್ಟಿದ್ದಾರೆ: ಸೀಳಿನಲ್ಲಿ ಮೊದಲು ಹುಟ್ಟುವ ಹಸಿ ಅಂಗಾಂಶ ತನ್ನ ಉದ್ದದ ನೂರಕ್ಕೆ ನೂರರಷ್ಟು ಹಿಗ್ಗಿದರೂ ಹರಿಯದು, ಮೃದ್ವಸ್ಥಿ ಶೇ. 10ರವರೆಗೆ ತಾಳುತ್ತದೆ, ಮೂಳೆಗೆ ಶೇ. 2ಕ್ಕಿಂತ ಹೆಚ್ಚು ಆಗದು. ಹಸಿಯದು ಅಲುಗಾಟ ತಗ್ಗಿಸಿ ಮೃದ್ವಸ್ಥಿಗೆ ಜಾಗ ಮಾಡಿಕೊಡುತ್ತದೆ, ಅದು ಇನ್ನಷ್ಟು ತಗ್ಗಿಸಿ ಮೂಳೆಗೆ. ನನ್ನ ಸೀಳನ್ನು ಲ್ಯಾಗ್ ಸ್ಕ್ರೂ ಅಲುಗದಂತೆ ಮುಚ್ಚಿದ್ದರಿಂದ ಗಂಟೂ ಕಟ್ಟಲಿಲ್ಲ, ಎಕ್ಸ್‌ರೇಯಲ್ಲಿ ಗೆರೆ ಮೆಲ್ಲಗೆ ಮಾಸಿತು. ಪ್ರತಿ ಸಲವೂ ನಾನು ಗಂಟು ಹುಡುಕುತ್ತಿದ್ದೆ, ಅವರು ನಗುತ್ತಿದ್ದರು.

ಮಲಗಿಕೊಂಡೇ ಇದ್ದ ಆ ಆರು ವಾರಗಳಲ್ಲಿ ಹಳೆಯ ಕಥೆಗಳನ್ನೂ ಓದಿದೆ. ಮೂಳೆಗೆ ಮೊದಲು ಪ್ಲೇಟು ಹಾಕಿದ ಕೀರ್ತಿ ಜರ್ಮನಿಯ ಕಾರ್ಲ್ ಹಾನ್ಸ್‌ಮನ್‌ಗೆ, 1886ರಲ್ಲಿ. ಆಮೇಲೆ ತೆಗೆಯಲು ಸುಲಭವಾಗಲಿ ಎಂದು ಸ್ಕ್ರೂಗಳ ಕಾಂಡವನ್ನು ಚರ್ಮದ ಹೊರಗೇ ಬಿಟ್ಟಿದ್ದರು! ಬುದ್ಧಿವಂತಿಕೆಯೇನೋ ಹೌದು, ಕೀವಿಗೆ ರಾಜಮಾರ್ಗವೂ ಹೌದು. ಇಂಗ್ಲೆಂಡಿನಲ್ಲಿ ಆರ್ಬತ್‌ನಾಟ್ ಲೇನ್, ಗಾಯಕ್ಕೆ ಬೆರಳು ತಾಕಿಸದೆ ಸಲಕರಣೆಯಿಂದಲೇ ಎಲ್ಲ ಮಾಡಬೇಕೆಂದು ಹಟ ಹಿಡಿದವರು; ಅವರ ಕೈ ಶುದ್ಧವಿತ್ತು, ಉಕ್ಕು ತುಕ್ಕು ಹಿಡಿಯುತ್ತಿತ್ತು. 1939ರಲ್ಲಿ ಕೀಲ್ ನಗರದ ಗೆರ್ಹಾರ್ಡ್ ಕುಂಟ್‌ಷರ್ ತೊಡೆಮೂಳೆಯ ಟೊಳ್ಳಿನೊಳಗೆ ಉದ್ದದ ಉಕ್ಕಿನ ಮೊಳೆ ಇಳಿಸಿದರು. ಯುದ್ಧ ಮುಗಿದು ಸೆರೆಯಿಂದ ಮರಳಿದ ಸೈನಿಕರ ಎಕ್ಸ್‌ರೇಯಲ್ಲಿ ತೊಡೆಯುದ್ದದ ಮೊಳೆ ಕಂಡು ಆಚೆ ಪಕ್ಷದ ವೈದ್ಯರು ಬೆರಗಾದರಂತೆ. ಜನರ ಬಾಯಲ್ಲಿರುವ ‘ರಾಡು’ ಅದರ ಮೊಮ್ಮಗ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಮೆರಿಕದ ವೆನಬಲ್ ಮತ್ತು ಸ್ಟಕ್ 1937ರಲ್ಲಿ ತೋರಿಸಿದ್ದು. ಬೇರೆ ಬೇರೆ ಲೋಹಗಳನ್ನು ಒಟ್ಟಿಗೆ ದೇಹದೊಳಗಿಟ್ಟರೆ ಉಪ್ಪುನೀರಿನಲ್ಲಿಟ್ಟ ಬ್ಯಾಟರಿಯಂತಾಗುತ್ತದೆ, ಒಂದು ಇನ್ನೊಂದನ್ನು ತಿನ್ನುತ್ತದೆ. ಹಿತ್ತಾಳೆ ಫಿಟಿಂಗಿಗೆ ಉಕ್ಕಿನ ಬೋಲ್ಟ್ ಹಾಕಿದವರನ್ನು ನಾನು ಎಷ್ಟು ಸಲ ಗದರಿಸಿಲ್ಲ! ಪ್ಲೇಟು ಯಾವ ಲೋಹವೋ ಸ್ಕ್ರೂವೂ ಅದೇ ಇರಲಿ ಎಂಬ ಎಚ್ಚರ ಇಂದಿಗೂ ಇದೆ. ನನ್ನದೆಲ್ಲ 316ಎಲ್ ಉಕ್ಕು: ಕ್ರೋಮಿಯಂ, ನಿಕಲ್, ತುಕ್ಕಿಗೆ ಜಗ್ಗದಿರಲು ಸ್ವಲ್ಪ ಮಾಲಿಬ್ಡಿನಂ. ಮ್ಯಾಗ್ನೆಟ್ ಹಿಡಿದು ನೋಡಿದೆ, ಅಲುಗಲೇ ಇಲ್ಲ. ಟೈಟಾನಿಯಂ ಹಾಕಿ ಎಂದು ಕೇಳಿದ್ದೆ. ಅದು ಮೂಳೆಗೆ ಎಷ್ಟು ಒಗ್ಗುತ್ತದೆ ಎಂದರೆ ತೆಗೆಯುವ ದಿನ ಬಿಟ್ಟುಕೊಡಲು ಸತಾಯಿಸುತ್ತದೆ ಎಂದಿದ್ದರು.

ತೆಗೆಯಲೇಬೇಕೆಂದಿರಲಿಲ್ಲ. ತೊಂದರೆ ಕೊಡದಿದ್ದರೆ ಇರಲಿ ಬಿಡಿ ಎನ್ನುವವರೇ ಹೆಚ್ಚು. ಆದರೆ ಹರಡಿನ ಮೇಲೆ ಮಾಂಸವೆಲ್ಲಿದೆ? ಸೇಫ್ಟಿ ಬೂಟಿನ ಅಂಚು ಸರಿಯಾಗಿ ಎರಡನೆಯ ಸ್ಕ್ರೂವಿನ ತಲೆಗೆ ಉಜ್ಜುತ್ತಿತ್ತು.

ಮೊನ್ನೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದಿಂದ ಕೆಳಗೆ ಮರಗಟ್ಟಿಸಿದರು. ಎದೆಯ ಬಳಿ ಹಸಿರು ಪರದೆ. ಕಾಣುವುದಿಲ್ಲ, ಕೇಳುತ್ತದೆ. ಮೊದಲು ಏನೋ ಕೆರೆಯುವ ಸದ್ದು, ಬಹಳ ಹೊತ್ತು. ಸ್ಕ್ರೂ ತಲೆಯ ಆರುಮೂಲೆ ಗುಳಿಯಲ್ಲಿ ತುಂಬಿಕೊಂಡಿದ್ದ ಅಂಗಾಂಶವನ್ನು ಚೂಪಾದ ಕೊಕ್ಕೆಯಿಂದ ಬಿಡಿಸುತ್ತಿದ್ದರು. ನನಗೆ ಎದ್ದು ಕೈಕುಲುಕಬೇಕೆನಿಸಿತು. ಗುಳಿ ಸ್ವಚ್ಛ ಮಾಡದೆ ಅಲೆನ್ ಕೀ ತೂರಿಸಿ ಮೂಲೆಗಳನ್ನು ಸವೆಸುವ ಹುಡುಗರನ್ನು ಇಪ್ಪತ್ತಾರು ವರ್ಷದಿಂದ ನೋಡುತ್ತಿದ್ದೇನೆ.

ಸ್ಟೀಲ್ ಬಟ್ಟಲಿಗೆ ಟಣ್ ಎಂದು ಒಂದು ಬಿತ್ತು. ಎರಡು. ಮೂರು. ನಾಲ್ಕನೆಯದಕ್ಕೆ ಕಿರ್ರ್ ಎಂದಿತು. ಜಗತ್ತಿನ ಯಾವ ಫಿಟ್ಟರೂ ತಪ್ಪಿ ಕೇಳದ ಸದ್ದು ಅದು.

‘ಸ್ಲಿಪ್ ಆಯಿತಲ್ಲ ಸರ್’ ಎಂದೆ, ಪರದೆಯ ಈಚೆಯಿಂದ.

ಒಂದು ಕ್ಷಣ ಎಲ್ಲರೂ ಸುಮ್ಮನಾದರು. ‘ನಿದ್ದೆಗೆ ಸ್ವಲ್ಪ ಕೊಡೋಣವೇ?’ ಎಂದು ಅರಿವಳಿಕೆ ಡಾಕ್ಟರು ಕೇಳಿದರು. ಬೇಡ ಎಂದೆ. ‘ಎಡಸುತ್ತಿನ ಎಕ್ಸ್‌ಟ್ರಾಕ್ಟರ್ ಇಲ್ಲವೇ ನಿಮ್ಮಲ್ಲಿ?’

ಇತ್ತು. ನಮ್ಮದರ ತಮ್ಮನೇ. ಶಂಕುವಿನಾಕಾರದ ತುದಿ, ಮೇಲೆ ಉಲ್ಟಾ ಥ್ರೆಡ್. ಸ್ಕ್ರೂ ಬಿಚ್ಚುವ ದಿಕ್ಕಿಗೆ ತಿರುಗಿಸಿದಷ್ಟೂ ಅದು ಸವೆದ ಗುಳಿಯನ್ನು ಇನ್ನಷ್ಟು ಕಚ್ಚುತ್ತದೆ. ಟಣ್. ಐದು, ಆರು. ಆಮೇಲೆ ಪ್ಲೇಟು, ಅದು ಬಟ್ಟಲಿಗೆ ಬಿದ್ದದ್ದು ಬೇರೆಯೇ ಸ್ವರ.

ಏಳನೆಯದು, ಲ್ಯಾಗ್ ಸ್ಕ್ರೂ, ಸಿಗಲಿಲ್ಲ. ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ತಲೆಯ ಮೇಲೆ ಮೂಳೆ ಬೆಳೆದು ಮುಚ್ಚಿಬಿಟ್ಟಿತ್ತು. ಡಾಕ್ಟರು ಪರದೆಯ ಮೇಲಿಂದ ಇಣುಕಿದರು. ‘ಇದನ್ನು ತೆಗೆಯಬೇಕಾದರೆ ಚೆನ್ನಾಗಿರುವ ಮೂಳೆಯನ್ನು ಕೆತ್ತಬೇಕು. ಬಿಡೋಣವೇ?’

ಬಿಡಿ ಎಂದೆ.

ಈಗ ಕಾಲಿನಲ್ಲಿ ಆರು ಖಾಲಿ ತೂತುಗಳಿವೆ. ಅವು ತುಂಬಿಕೊಳ್ಳುವವರೆಗೆ ಓಟ, ಜಿಗಿತ, ಏಣಿ ಹತ್ತುವುದು ಬೇಡವೆಂದಿದ್ದಾರೆ. ಇದನ್ನು ನನಗೆ ವಿವರಿಸಬೇಕಾಗಿರಲಿಲ್ಲ. ತೂತು ಕೊರೆದ ಶಾಫ್ಟ್ ತಿರುಚಿದರೆ ಎಲ್ಲಿಂದ ಸೀಳುತ್ತದೆಂದು ಗೊತ್ತು.

ರಾತ್ರಿ 9.40

ಮಗಳು ಹೊಸ ಎಕ್ಸ್‌ರೇಯನ್ನು ದೀಪಕ್ಕೆ ಹಿಡಿದು ತೋರಿಸಿದಳು. ಪ್ಲೇಟಿದ್ದ ಕಡೆ ಮಸುಕಾದ ಆರು ಚುಕ್ಕೆ. ನಡುವೆ ಓರೆಯಾಗಿ ಬೆಳ್ಳಗೆ ಒಂಟಿ ಸ್ಕ್ರೂ. ‘ಇದು ಏನನ್ನು ಹಿಡಿದುಕೊಂಡಿದೆ ಅಪ್ಪಾ?’ ಎಂದಳು. ಸೀಳಿನ ಗೆರೆ ತೋರಿಸೋಣವೆಂದು ಬೆರಳಿಟ್ಟು ಹುಡುಕಿದೆ. ಕಾಣಲಿಲ್ಲ.

ಹೊಲಿಗೆ ಬಿಚ್ಚುವುದು 26ಕ್ಕೆ. ಒಳಗೆ ಉಳಿದದ್ದರ ಅಳತೆಯನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದಿದ್ದಾರೆ: 3.5 ವ್ಯಾಸ, 22 ಉದ್ದ. ಅದೊಂದಕ್ಕೆ ಮಾತ್ರ ಅವರ ಮಾತನ್ನೇ ನಂಬಬೇಕು.