ಮಧ್ಯಾಹ್ನವಿಡೀ ಕೈಕೊಟ್ಟ ಕೇಬಲ್

ಅವತ್ತಿನ ಕೆಲಸ ಪರ್ಫ್ಯೂಮ್ ಬಾಟಲಿಗಳದ್ದು. ಒಟ್ಟು 24. ಪ್ರತಿಯೊಂದನ್ನೂ ಎದುರಿನಿಂದ ಒಮ್ಮೆ, ನೇರ ಮೇಲಿನಿಂದ ಒಮ್ಮೆ ತೆಗೆಯಬೇಕಿತ್ತು. ಗಾಜಿನ ಕೆಲಸವನ್ನು ಕ್ಯಾಮೆರಾದ ಬೆನ್ನಿನ ಪುಟ್ಟ ಪರದೆ ನಂಬಿ ಮಾಡಲು ಆಗುವುದಿಲ್ಲ. ಅಂಚಿನಲ್ಲಿ ಕೂತ ಧೂಳು, ಸ್ವಲ್ಪ ಸೊಟ್ಟಗಾದ ಬೆಳಕಿನ ಗೆರೆ, ಇವೆಲ್ಲ ದೊಡ್ಡ ಪರದೆಯಲ್ಲೇ ಕಾಣುವುದು. ಅದಕ್ಕೇ ಟೆದರಿಂಗ್. ಕ್ಯಾಮೆರಾದಿಂದ ಲ್ಯಾಪ್‌ಟಾಪ್‌ಗೆ ಒಂದು ಕೇಬಲ್ ಎಳೆದರೆ ಸಾಕು, ಕ್ಲಿಕ್ ಮಾಡಿದ ಕೂಡಲೇ ಫೋಟೋ ಅಲ್ಲಿ ಬಂದು ಕೂರುತ್ತದೆ. ಕೆಲಸ ಕೊಟ್ಟವರು ಪರದೆ ಮುಂದೆ ಕೂತು, "ಲೇಬಲ್ ಒಂಚೂರು ಎಡಕ್ಕೆ ತಿರುಗಿಸಿ" ಅನ್ನುತ್ತಾರೆ. ಆಗಿಂದಾಗ್ಗೆ ಸರಿಪಡಿಸಬಹುದು.

ಬೆಳಿಗ್ಗೆ ಎದುರಿನ ಫೋಟೋಗಳು ಸಲೀಸಾಗಿ ಮುಗಿದವು. 2 ಮೀಟರಿನ ಟೈಪ್-ಸಿ ಕೇಬಲ್ ಸಾಕಾಗಿತ್ತು. ಮಧ್ಯಾಹ್ನ ಕ್ಯಾಮೆರಾವನ್ನು ಸ್ಟ್ಯಾಂಡಿನಿಂದ ಅಡ್ಡಕ್ಕೆ ಚಾಚಿದ ಕೋಲಿಗೆ, ಅಂದರೆ ಬೂಮ್‌ಗೆ ಹತ್ತಿಸಿ ಮೇಜಿನ ನೆತ್ತಿಯ ಮೇಲೆ ತಂದೆವು. ಈಗ ಕೇಬಲ್ ಲ್ಯಾಪ್‌ಟಾಪ್‌ವರೆಗೆ ಬರಲಿಲ್ಲ. ಅಲ್ಲಿ ಕೂತವರನ್ನು ಎಬ್ಬಿಸಲು ಮನಸ್ಸಾಗದೆ, ಡಬ್ಬದಲ್ಲಿದ್ದ ಇನ್ನೊಂದು 2 ಮೀಟರಿನ ಎಕ್ಸ್‌ಟೆನ್ಷನ್ ತಂದು ಸಿಕ್ಕಿಸಿದೆ.

ಮೂರು ಫೋಟೋ ಬಂದವು. ನಾಲ್ಕನೆಯದು ಬರಲಿಲ್ಲ.

"ಅಕ್ಕ, ಕ್ಯಾಮೆರಾ ಹೋಯ್ತು," ಅಂದ ನನ್ನ ಸಹಾಯಕ ಹುಡುಗ. ಪರದೆಯಲ್ಲಿ ಕ್ಯಾಮೆರಾದ ಹೆಸರೇ ಇರಲಿಲ್ಲ. ಕೇಬಲ್ ತೆಗೆದು ಹಾಕಿದೆವು, ಬಂತು. ಎರಡು ಫೋಟೋ ಆದಮೇಲೆ ಮತ್ತೆ ಹೋಯಿತು. ಸಾಫ್ಟ್‌ವೇರ್ ಮುಚ್ಚಿ ತೆರೆದೆ. ಲ್ಯಾಪ್‌ಟಾಪನ್ನೇ ರೀಸ್ಟಾರ್ಟ್ ಮಾಡಿದೆ. ಬ್ಯಾಟರಿ ಬದಲಿಸಿದೆ. ಕ್ಯಾಮೆರಾ ತಾನಾಗಿ ಆಫ್ ಆಗುವ ಸೆಟ್ಟಿಂಗ್ ತೆಗೆದೆ. ಎಲ್ಲದರ ಮೇಲೂ ಅನುಮಾನ ಪಟ್ಟೆ, ಕೇಬಲ್ ಒಂದನ್ನು ಬಿಟ್ಟು. ಬೆಳಿಗ್ಗೆಯೆಲ್ಲ ಕೆಲಸ ಮಾಡಿದೆಯಲ್ಲ ಅನ್ನುವುದೇ ತಲೆಯಲ್ಲಿತ್ತು. ಕಾರ್ಡಿನಲ್ಲೂ ಉಳಿಯುವಂತೆ ಇಟ್ಟಿದ್ದರಿಂದ ಫೋಟೋ ಯಾವುದೂ ಕಳೆಯಲಿಲ್ಲ. ಆದರೆ ಒಂದೂವರೆ ಗಂಟೆ ಹೋಯಿತು. ಅದಕ್ಕಿಂತ ಜಾಸ್ತಿ ನೋವಾಗಿದ್ದು, ಬೆಳಿಗ್ಗೆ ಅಷ್ಟು ಆಸೆಯಿಂದ ಒಂದೊಂದೇ ಬಾಟಲಿ ನೋಡುತ್ತಿದ್ದವರು ಮೆಲ್ಲಗೆ ಫೋನ್ ಕೈಗೆತ್ತಿಕೊಂಡಿದ್ದು.

ಗಂಟು ಬಿಡಿಸಿದವನು ಆ ಹುಡುಗನೇ. ಎಕ್ಸ್‌ಟೆನ್ಷನ್ ಕಿತ್ತುಹಾಕಿ, ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹಿಡಿದು ಬೂಮ್ ಪಕ್ಕ ನಿಂತು, "ಈಗ ತೆಗೀರಿ ಅಕ್ಕ" ಅಂದ. 20 ಫೋಟೋ ತೆಗೆದೆ. ಇಪ್ಪತ್ತೂ ಬಂದವು.

ಒಂದು ಸ್ಟೂಲ್ ತಂದು ಲ್ಯಾಪ್‌ಟಾಪನ್ನು ಸ್ಟ್ಯಾಂಡಿನ ಪಕ್ಕದಲ್ಲೇ ಇಟ್ಟೆವು. ಕೂತಿದ್ದವರು ಬೇಜಾರಿಲ್ಲದೆ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು. ಮೊದಲೇ ಕೇಳಿದ್ದರೆ ಮೊದಲೇ ಬರುತ್ತಿದ್ದರು.

ಅವತ್ತು ರಾತ್ರಿ ಕೂತು ಸರಿಯಾಗಿ ಓದಿದೆ. ಯುಎಸ್‌ಬಿ 3 ಅನ್ನುವ ವೇಗದ ಪದ್ಧತಿ ಮೂಲತಃ ಸೆಕೆಂಡಿಗೆ 5 ಗಿಗಾಬಿಟ್ ಸಾಗಿಸುತ್ತದೆ. ಅಷ್ಟು ವೇಗದ ಸಿಗ್ನಲ್ ತಾಮ್ರದ ತಂತಿಯಲ್ಲಿ ಬೇಗ ಸೊರಗುತ್ತದೆ. ಆ ವೇಗಕ್ಕೆ ಸಾದಾ ಟೈಪ್-ಸಿ ಕೇಬಲ್ ಸುಮಾರು 2 ಮೀಟರ್‌ವರೆಗೆ ಚೆನ್ನ. 10 ಗಿಗಾಬಿಟ್‌ಗೆ ಹೋದರೆ 1 ಮೀಟರ್ ಅಷ್ಟೇ. ನಡುವೆ ಒಂದು ಜೋಡಣೆ ಬಂದರೆ ಅಲ್ಲೂ ಸಿಗ್ನಲ್ ಸೋರುತ್ತದೆ. ನಾನು ಮಾಡಿದ್ದು ಎರಡೂ ತಪ್ಪು, ಒಟ್ಟಿಗೆ. ಉದ್ದ ದುಪ್ಪಟ್ಟು, ಮಧ್ಯೆ ಕೀಲು ಬೇರೆ. ಟೈಪ್-ಸಿ ನಿಯಮದಲ್ಲಿ ಎಕ್ಸ್‌ಟೆನ್ಷನ್ ಕೇಬಲ್‌ಗೆ ಜಾಗವೇ ಇಲ್ಲ ಅನ್ನುವುದೂ ಆಗಲೇ ಗೊತ್ತಾಗಿದ್ದು. ಅಂಗಡಿಯಲ್ಲಿ ಸಿಗುತ್ತದೆ, ಸಿಕ್ಕಿಸಿದರೆ ಕೂರುತ್ತದೆ, ಆದ್ದರಿಂದ ಸರಿ ಇರಬೇಕು ಅಂದುಕೊಳ್ಳುತ್ತೇವೆ ಅಲ್ವಾ?

ಇನ್ನೊಂದು ವಿಷಯ ನನ್ನ ಯೋಚನೆಯನ್ನೇ ಬದಲಿಸಿತು. ವೇಗ ಅಷ್ಟು ಮುಖ್ಯ ಅಲ್ಲ. ಹಳೆಯ ಯುಎಸ್‌ಬಿ 2 ಸೆಕೆಂಡಿಗೆ 480 ಮೆಗಾಬಿಟ್. 8 ಬಿಟ್‌ಗೆ ಒಂದು ಬೈಟ್; ಕೈಗೆ ಸಿಗುವುದು ಸೆಕೆಂಡಿಗೆ 35-40 ಮೆಗಾಬೈಟ್. ನನ್ನ 45 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೋಟೋ) ಹತ್ತಿರಹತ್ತಿರ 50 ಮೆಗಾಬೈಟ್. ಅಂದರೆ ಒಂದು ಫೋಟೋ ದಾಟಲು ಹೆಚ್ಚುಕಡಿಮೆ ಒಂದೂವರೆ ಸೆಕೆಂಡ್. ಓಡಾಡುವ ಮಾಡೆಲ್‌ನ್ನು ಸರಸರನೆ ತೆಗೆಯುವಾಗ ಅದು ಸಾಲದು. ಆದರೆ ಅಲುಗಾಡದ ಬಾಟಲಿಗೆ, ಪ್ರತಿ ಕ್ಲಿಕ್ಕಿನ ನಡುವೆ ಒಂದು ನಿಮಿಷ ಬೆಳಕು ತಿದ್ದುವವರಿಗೆ, ಒಂದೂವರೆ ಸೆಕೆಂಡ್ ಏನೂ ಅಲ್ಲ. ಟೈಪ್-ಸಿಯಲ್ಲೂ ಯುಎಸ್‌ಬಿ 2 ಕೇಬಲ್ 4 ಮೀಟರ್‌ವರೆಗೆ ಇರಬಹುದು. ಅಂಥದ್ದೊಂದು ಒಳ್ಳೆಯ ಕೇಬಲ್ ಇದ್ದಿದ್ದರೆ ನನ್ನ ಮಧ್ಯಾಹ್ನ ಉಳಿಯುತ್ತಿತ್ತು.

ನೋಡುವುದಕ್ಕೆ ಎಲ್ಲ ಟೈಪ್-ಸಿ ಕೇಬಲ್‌ಗಳೂ ಒಂದೇ ಥರ ಇರುವುದು ದೊಡ್ಡ ತೊಂದರೆ. ಫೋನಿನ ಜೊತೆ ಬರುವ ಚಾರ್ಜಿಂಗ್ ಕೇಬಲ್‌ಗಳಲ್ಲಿ ಬಹಳಷ್ಟು ಯುಎಸ್‌ಬಿ 2 ಮಾತ್ರ. ನನ್ನ ಡಬ್ಬದಲ್ಲಿದ್ದ ಕೇಬಲ್‌ಗಳನ್ನೆಲ್ಲ ಹೊರಗೆ ಸುರಿದು, ಒಂದೊಂದನ್ನೂ ಕ್ಯಾಮೆರಾಗೆ ಹಾಕಿ, ಹತ್ತು ಫೋಟೋ ಬರಲು ಎಷ್ಟು ಹೊತ್ತಾಯಿತು ಅಂತ ಬರೆದುಕೊಂಡೆ. ಆಮೇಲೆ ಎರಡೂ ತುದಿಗೆ ಟೇಪ್ ಸುತ್ತಿ ಉದ್ದ, ವೇಗ ಬರೆದೆ.

ಬೂಮ್ ಕೆಲಸಕ್ಕೆಂದು ಹೊಸದೊಂದು ಕೊಂಡೆ. ಕೊಳ್ಳುವ ಮೊದಲು ದಾರ ಹಿಡಿದು ಅಳೆದೆ. ಕ್ಯಾಮೆರಾದಿಂದ ಬೂಮ್ ಉದ್ದಕ್ಕೂ, ಸ್ಟ್ಯಾಂಡ್ ಗುಂಟ ಕೆಳಗೆ, ನೆಲದ ಮೇಲಿಂದ ಮೇಜಿನವರೆಗೆ. ಗಾಳಿಯಲ್ಲಿ ನೇರ ಅಳೆದರೆ 3 ಮೀಟರ್ ಇದ್ದದ್ದು ಹಾಗೆ ಅಳೆದಾಗ ನಾಲ್ಕೂಕಾಲು ಆಯಿತು. ಅದಕ್ಕೇ 5 ಮೀಟರಿನ ಆ್ಯಕ್ಟಿವ್ ಕೇಬಲ್. ಇದರೊಳಗೆ ಸಿಗ್ನಲ್‌ಗೆ ಮತ್ತೆ ಬಲ ಕೊಡುವ ಚಿಪ್ ಇರುತ್ತದೆ. ಆ ಚಿಪ್‌ಗೆ ಕರೆಂಟ್ ಪೋರ್ಟಿನಿಂದಲೇ ಬರಬೇಕು. ಹಾಗಾಗಿ ಹಬ್ (ಒಂದು ಪೋರ್ಟನ್ನು ಹಲವಾಗಿಸುವ ಡಬ್ಬಿ) ಬಿಟ್ಟು ನೇರ ಲ್ಯಾಪ್‌ಟಾಪ್‌ಗೇ ಹಾಕುತ್ತೇನೆ. ಇಂಥ ಕೆಲವು ಕೇಬಲ್‌ಗಳಿಗೆ ದಿಕ್ಕೂ ಇರುತ್ತದೆ. ಕ್ಯಾಮೆರಾದ ತುದಿ ಯಾವುದು ಅಂತ ಬರೆದಿರುತ್ತಾರೆ, ನೋಡಿಕೊಳ್ಳಬೇಕು. ಉದ್ದ ಕೇಬಲ್‌ನಲ್ಲಿ ವೋಲ್ಟೇಜೂ ಇಳಿಯುತ್ತದೆ. ಕೇಬಲ್ ಮೂಲಕ ಚಾರ್ಜ್ ಆಗುವ ಆಯ್ಕೆಯನ್ನು ಕ್ಯಾಮೆರಾದಲ್ಲಿ ಆಫ್ ಮಾಡಿಟ್ಟಿದ್ದೇನೆ.

ಫ್ಲ್ಯಾಶ್ ಟ್ರಿಗರ್, ಅಂದರೆ ತಂತಿಯಿಲ್ಲದೆ ಫ್ಲ್ಯಾಶ್ ಬೆಳಗಿಸುವ ಸಾಧನ, ಬಳಸುವವರಿಗೆ ಒಂದು ಮಾತು. ಯುಎಸ್‌ಬಿ 3 ತಂತಿ ಮತ್ತು ಕನೆಕ್ಟರ್‌ಗಳು 2.4 ಗಿಗಾಹರ್ಟ್ಸ್ ಸುತ್ತ ರೇಡಿಯೋ ಗದ್ದಲ ಎಬ್ಬಿಸುತ್ತವೆ ಎಂದು ಇಂಟೆಲ್ 2012ರಲ್ಲೇ ತೋರಿಸಿತ್ತು. ಅನೇಕ ಟ್ರಿಗರ್‌ಗಳು ಮಾತಾಡುವುದೂ ಅದೇ 2.4ರಲ್ಲಿ. ಚೆನ್ನಾಗಿ ಶೀಲ್ಡ್ ಮಾಡಿದ (ಗದ್ದಲ ಹೊರಬರದಂತೆ ಲೋಹದ ಹೊದಿಕೆ ಇರುವ) ಕೇಬಲ್ ತಗೊಳ್ಳಿ, ಅದನ್ನು ಟ್ರಿಗರ್‌ಗೆ ಸುತ್ತಿಕೊಂಡಂತೆ ಬಿಡಬೇಡಿ.

ನಾನು ಕೊಂಡ ಹೊಸ ಕೇಬಲ್‌ನ ಬಣ್ಣ ಕಿತ್ತಳೆ. ಮಂದ ಬೆಳಕಿನ ನೆಲದಲ್ಲಿ ಕಪ್ಪು ತಂತಿ ಕಾಣುವುದಿಲ್ಲ, ಕಾಲಿಗೆ ಸಿಕ್ಕಿದರೆ ಹೋಗುವುದು ಕ್ಯಾಮೆರಾದ ಪೋರ್ಟ್. ಅದನ್ನು ಒಳಗಿನ ಬೋರ್ಡಿಗೆ ಬೆಸೆದಿರುತ್ತಾರೆ, ರಿಪೇರಿ ಸುಲಭ ಅಲ್ಲ. ಈಗ ಕ್ಯಾಮೆರಾ ಪಕ್ಕದಲ್ಲಿ ಒಂದು ಸಣ್ಣ ಕುಣಿಕೆ ಬಿಟ್ಟು, ಕ್ಯಾಮೆರಾ ಕೆಳಗಿನ ಪ್ಲೇಟಿಗೆ ಕ್ಲಾಂಪ್ ಹಾಕಿ ಕೇಬಲ್ ಹಿಡಿಸುತ್ತೇವೆ. ಎಳೆತ ಬಿದ್ದರೆ ಕ್ಲಾಂಪ್ ಮೇಲೆ ಬೀಳಲಿ.

ಮುಂದಿನ ಸಲ ಅದೇ ಬಾಟಲಿಯವರು ಬಂದಾಗ 9 ಹೊಸ ಬಾಟಲಿ ತಂದಿದ್ದರು. ಮೇಲಿನಿಂದಲೇ ಎಲ್ಲ. ಕೇಬಲ್ ಒಂದು ಸಲವೂ ಕೈಕೊಡಲಿಲ್ಲ. ಸಂಜೆ ಸಾಮಾನು ಎತ್ತಿಡುವಾಗ ಹಳೆಯ ಎಕ್ಸ್‌ಟೆನ್ಷನ್ ಡಬ್ಬದ ತಳದಲ್ಲಿ ಸಿಕ್ಕಿತು.

"ಚೆನ್ನಾಗೇ ಇದೆಯಲ್ಲ ಅಕ್ಕ, ಯಾವತ್ತಾದ್ರೂ ಬೇಕಾಗಬಹುದು," ಅಂದ ಹುಡುಗ.

ಅದಕ್ಕೇ ಕತ್ತರಿ ತರಿಸಿ ಎರಡು ತುಂಡು ಮಾಡಿದೆ.