ಬಿಎಸ್ಸಿ ಫಿಸಿಕ್ಸ್ ಕಷ್ಟಾನಾ, ಮೇಡಂ?

ಪಿಯುಸಿ ರಿಸಲ್ಟ್ ಬಂದು ಡಿಗ್ರಿ ಅಡ್ಮಿಷನ್ ಶುರುವಾದರೆ ಈ ಪ್ರಶ್ನೆ ಬಂದೇ ಬರುತ್ತದೆ. "ಮೇಡಂ, ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್) ತಗೊಳ್ತಿದೀನಿ. ಮೊದಲ ವರ್ಷದ ಫಿಸಿಕ್ಸ್ ತುಂಬಾ ಕಷ್ಟಾನಾ?"

ಪಾಠಗಳ ಹೆಸರು ಹೊಸದಲ್ಲ. ನ್ಯೂಟನ್ ನಿಯಮ, ಗುರುತ್ವ, ತಿರುಗುವ ಚಕ್ರ, ಸ್ಪ್ರಿಂಗು, ಎಲ್ಲ ಪಿಯುಸಿಯಲ್ಲಿ ಓದಿದ್ದೇ. ಅಲ್ಲಿ ಸೂತ್ರ ಕೈಗೆ ಸಿಗುತ್ತಿತ್ತು, ಬೆಲೆ ಹಾಕಿದರೆ ಉತ್ತರ. ಇಲ್ಲಿ ಸಮೀಕರಣವನ್ನು ನೀವೇ ಕಟ್ಟಬೇಕು.

ಮಳೆಹನಿಯನ್ನೇ ನೋಡಿ. ಒಂದು ಕಿಲೋಮೀಟರ್ ಮೇಲಿನಿಂದ ಬೀಳುವ ಹನಿಗೆ ಪಿಯುಸಿ ಸೂತ್ರ ಹಾಕಿದರೆ ನೆಲ ಮುಟ್ಟುವಾಗ ವೇಗ ಸೆಕೆಂಡಿಗೆ 140 ಮೀಟರ್. ಹಾಗೆ ಬಿದ್ದರೆ ಮಳೆಯಲ್ಲಿ ನಡೆಯೋಕಾಗುತ್ತಾ? ನಿಜವಾಗಿ ದೊಡ್ಡ ಹನಿಗೂ ಸೆಕೆಂಡಿಗೆ 9 ಮೀಟರ್ ಆಸುಪಾಸು, ಅಷ್ಟೇ. ಗಾಳಿ ತಡೆಯುತ್ತದೆ. ವೇಗ ಏರಿದಷ್ಟೂ ಜಾಸ್ತಿ ತಡೆಯುತ್ತದೆ. ಆ ತಡೆ ಹನಿಯ ತೂಕಕ್ಕೆ ಸಮವಾದ ಮೇಲೆ ವೇಗ ಏರುವುದಿಲ್ಲ. ಟರ್ಮಿನಲ್ ವೆಲಾಸಿಟಿ ಅನ್ನೋ ಹೆಸರು ನಿಮಗೆ ಗೊತ್ತೇ ಇದೆ. ಈಗ ಅದನ್ನು ಡಿಫರೆನ್ಷಿಯಲ್ ಸಮೀಕರಣವಾಗಿ ಬರೆದು, ಇಂಟಿಗ್ರೇಟ್ ಮಾಡಿ, ಯಾವ ಕ್ಷಣದಲ್ಲಿ ಎಷ್ಟು ವೇಗ ಅಂತ ತೋರಿಸಬೇಕು. ತುಂಬಾ ಮಕ್ಕಳು ತಡವರಿಸುವುದು ಇಲ್ಲೇ. ಹನಿ ಹೇಗೆ ಬೀಳುತ್ತದೆ ಅಂತ ಅವರಿಗೆ ಅರ್ಥವಾಗಿರುತ್ತದೆ, ಕ್ಯಾಲ್ಕುಲಸ್ ಕೈ ಕೊಡುತ್ತದೆ. ರಜೆಯಲ್ಲಿ ಎರಡನೇ ಪಿಯುಸಿ ಗಣಿತ ಪುಸ್ತಕ ಮಾರಬೇಡಿ. ದಿನಕ್ಕೆ ನಾಲ್ಕು ಲೆಕ್ಕ ಮಾಡಿ, ಸಾಕು.

ಇಂಗ್ಲಿಷ್ ಬಗ್ಗೆಯೂ ಕೇಳುತ್ತಾರೆ. ಪಿಯುಸಿ ದಾಟಿದ್ದೀರಿ, ಇದನ್ನೂ ದಾಟುತ್ತೀರಿ. ಅರ್ಥವಾಗದಿದ್ದರೆ ಕ್ಲಾಸಿನಲ್ಲೇ ಕನ್ನಡದಲ್ಲಿ ಕೇಳಿ.

ಲ್ಯಾಬ್ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯ ಅದು. ಬಾರ್ ಪೆಂಡುಲಂ ಪ್ರಯೋಗ ಇರುತ್ತದೆ. ತೂತುಗಳಿರುವ ಲೋಹದ ಪಟ್ಟಿಯನ್ನು ತೂಗಾಡಿಸಿ, 20 ಆಂದೋಲನಕ್ಕೆ ಎಷ್ಟು ಸಮಯ ಅಂತ ನೋಡಿ, ಗ್ರಾಫ್ ಎಳೆದು ಜಿ ಬೆಲೆ, ಅಂದರೆ ಗುರುತ್ವದಿಂದ ಬೀಳುವ ವಸ್ತುವಿನ ವೇಗ ಸೆಕೆಂಡಿಗೆ ಎಷ್ಟು ಏರುತ್ತದೆ ಅನ್ನುವುದನ್ನು, ಕಂಡುಹಿಡಿಯುವುದು. ಉತ್ತರ 9.8 ಅಂತ ಎಲ್ಲರಿಗೂ ಮೊದಲೇ ಗೊತ್ತು. ಅದಕ್ಕೇ ಕೆಲವರು ಉತ್ತರದಿಂದ ಹಿಂದಕ್ಕೆ ಹೋಗಿ ರೀಡಿಂಗ್ ಬರೆದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಒಬ್ಬ ಹುಡುಗಿಗೆ 10.8 ಬಂತು. ಅಳುಮುಖ ಮಾಡಿಕೊಂಡು ಬಂದಳು. "ಹೇಗೆ ಎಣಿಸಿದೆ, ತೋರಿಸು" ಅಂದೆ. ಸ್ಟಾಪ್‌ವಾಚ್ ಒತ್ತುವಾಗಲೇ "ಒಂದು" ಅಂದಳು. ಸೊನ್ನೆಯಿಂದ ಶುರು ಮಾಡಬೇಕಿತ್ತು. ಅವಳು 20 ಅಂದುಕೊಂಡದ್ದು 19 ಆಂದೋಲನ. ಆ ಒಂದೇ ತಪ್ಪಿಗೆ ಜಿ ಶೇಕಡಾ 10ರಷ್ಟು ಏರಿತ್ತು. ತಪ್ಪು ರೀಡಿಂಗನ್ನು ಅಳಿಸದೆ, ಕಾರಣವನ್ನು ಪಕ್ಕದಲ್ಲೇ ಬರೆದು, ಮತ್ತೆ ಮಾಡಿದಳು. ಆ ರೆಕಾರ್ಡಿಗೆ ಸಹಿ ಹಾಕುವಾಗ ನನಗಾದ ಖುಷಿ ದೊಡ್ಡದು.